ಮಗುವಿನ ಉಸಿರು ಮತ್ತು ಎಐ: ಯಂತ್ರ ಏನು ಹೇಳಬಲ್ಲದು, ಮನೆಯವರು ಏನು ನೋಡಬೇಕು

ಗೋವಾದಲ್ಲಿ ಹೆಚ್ಚು ಮಳೆ ಬೀಳುವ ತಾಲೂಕುಗಳಲ್ಲಿ ಸಾಂಗೆಯೂ ಒಂದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳ ನೆಗಡಿ, ಕೆಮ್ಮು, ಜ್ವರಗಳೂ ಜೊತೆಗೇ ಬರುತ್ತವೆ. ಹೆಚ್ಚಿನ ಮಕ್ಕಳು ನಾಲ್ಕೈದು ದಿನದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಕೆಮ್ಮು ಎದೆಗಿಳಿದು ನ್ಯುಮೋನಿಯಾ ಆಗುತ್ತದೆ. ಇವೆರಡರ ವ್ಯತ್ಯಾಸ ಗುರುತಿಸುವುದು ಹೇಗೆ ಎಂಬುದೇ ತಾಯ್ತಂದೆಯರ ಚಿಂತೆ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಮೊಬೈಲ್ ಕೂಡ ಉತ್ತರ ಕೊಡಲು ಮುಂದೆ ಬಂದಿದೆ. ಕೆಮ್ಮಿನ ಶಬ್ದ ಕೇಳಿ ರೋಗ ಹೇಳುವ ಆ್ಯಪ್, ಎದೆಯ ಎಕ್ಸ್-ರೇ ಓದುವ ತಂತ್ರಾಂಶ, ಏನು ಕೇಳಿದರೂ ಉತ್ತರ ಬರೆಯುವ ಚಾಟ್‌ಬಾಟ್, ಇವೆಲ್ಲ ಕೃತಕ ಬುದ್ಧಿಮತ್ತೆ ಅಂದರೆ ಎಐ ಹೆಸರಿನಲ್ಲಿ ನಮ್ಮ ಕೈಗೆ ಬರುತ್ತಿವೆ. ಇವುಗಳಲ್ಲಿ ಯಾವುದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಯಾವುದನ್ನು ನಂಬಿ ಕೂರಬಾರದು ಎಂಬುದನ್ನು ಸಾಂಗೆ ಮತ್ತು ಸುತ್ತಲಿನ ಕನ್ನಡ ಕುಟುಂಬಗಳಿಗೆ ಅನುಕೂಲವಾಗುವಂತೆ ಇಲ್ಲಿ ಒಟ್ಟುಗೂಡಿಸಲಾಗಿದೆ.

ರೋಗದ ತೂಕ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಆ ವಯಸ್ಸಿನ ಮಕ್ಕಳ ಒಟ್ಟು ಸಾವುಗಳಲ್ಲಿ ಇದು ಶೇಕಡಾ 14. ಬೇಗ ಗುರುತಿಸಿದರೆ ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್‌ನಂಥ ಅಗ್ಗದ ಔಷಧವೇ ಬಹಳಷ್ಟು ಸಲ ಸಾಕಾಗುತ್ತದೆ. ತೀವ್ರವಾದಾಗ ಆಮ್ಲಜನಕ ಬೇಕಾಗುತ್ತದೆ. ಮಕ್ಕಳು ಸಾಯುವುದು ಬಹುಪಾಲು ತಡವಾಗಿ ಆಸ್ಪತ್ರೆ ಸೇರುವುದರಿಂದ. ಆದ್ದರಿಂದ ಯಾವುದೇ ಹೊಸ ಸಾಧನ ಬಂದರೂ ಮೊದಲು ಕೇಳಬೇಕಾದದ್ದು ಇಷ್ಟೇ: ಇದರಿಂದ ಮಗು ಆಸ್ಪತ್ರೆಗೆ ಬೇಗ ತಲುಪುತ್ತದೆಯೇ, ಇಲ್ಲವೇ ಇನ್ನಷ್ಟು ತಡವಾಗುತ್ತದೆಯೇ?

ಉಸಿರಾಟದ ತೊಂದರೆಗೆ ನ್ಯುಮೋನಿಯಾ ಒಂದೇ ಕಾರಣವಲ್ಲ. ಎರಡು ವರ್ಷದೊಳಗಿನವರಲ್ಲಿ ವೈರಸ್‌ನಿಂದ ಬರುವ ಬ್ರಾಂಕಿಯೋಲೈಟಿಸ್, ದೊಡ್ಡ ಮಕ್ಕಳಲ್ಲಿ ಉಬ್ಬಸ ಅಂದರೆ ಆಸ್ತಮಾ, ಗಂಟಲು ಊದಿಕೊಳ್ಳುವ ಕ್ರೂಪ್, ಕ್ಷಯ, ಕೆಲವೊಮ್ಮೆ ಶೇಂಗಾ ಬೀಜವೋ ಗುಂಡಿಯೋ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವುದು, ಇವೂ ಕಾರಣಗಳು. ಹೊರಗಿನಿಂದ ಎಲ್ಲವೂ ಕೆಮ್ಮು ಮತ್ತು ದಮ್ಮು ಎಂದೇ ಕಾಣುತ್ತವೆ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಒಂದು ನಿಮಿಷದ ಎಣಿಕೆ

ಎಐ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ವೈದ್ಯರು ಒಂದು ಸುಲಭದ ಉಪಾಯ ಕಂಡುಕೊಂಡಿದ್ದರು. ಪಾಪುವಾ ನ್ಯೂಗಿನಿಯ ಗೊರೊಕಾದಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳ ವೈದ್ಯ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ, ಎಕ್ಸ್-ರೇ ಇಲ್ಲದ ಹಳ್ಳಿಯಲ್ಲಿ ಉಸಿರಿನ ವೇಗ ಮತ್ತು ಎದೆಯ ಸೆಳೆತ ನೋಡಿಯೇ ಯಾವ ಮಗುವಿಗೆ ಔಷಧ ಬೇಕು, ಯಾವ ಮಗುವಿಗೆ ಆಸ್ಪತ್ರೆ ಬೇಕು ಎಂದು ನಿರ್ಧರಿಸಬಹುದು ಎಂದು ತೋರಿಸಿತು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವೆಲ್ಲೂರಿನ ಅಧ್ಯಯನ ಇದನ್ನು ಭಾರತದ ಮಕ್ಕಳಲ್ಲಿ ಪರೀಕ್ಷಿಸಿ, ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಮಿತಿ ಇಟ್ಟುಕೊಳ್ಳಬೇಕೆಂದು ಹೇಳಿತು. ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ದೇಶದ ಆರೋಗ್ಯ ಕಾರ್ಯಕರ್ತರು ಬಳಸುವ ಮಿತಿಗಳು ಇವು:

- 2 ತಿಂಗಳೊಳಗಿನ ಶಿಶು: ನಿಮಿಷಕ್ಕೆ 60 ಅಥವಾ ಹೆಚ್ಚು
- 2 ತಿಂಗಳು ತುಂಬಿದ್ದು 12 ತಿಂಗಳೊಳಗಿನ ಮಗು: ನಿಮಿಷಕ್ಕೆ 50 ಅಥವಾ ಹೆಚ್ಚು
- 1 ವರ್ಷ ತುಂಬಿದ್ದು 5 ವರ್ಷದೊಳಗಿನ ಮಗು: ನಿಮಿಷಕ್ಕೆ 40 ಅಥವಾ ಹೆಚ್ಚು

ಇಷ್ಟಿದ್ದರೆ ಅದು ವೇಗದ ಉಸಿರು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಎಣಿಸುವ ಕ್ರಮ ಹೀಗೆ. ಮಗು ಶಾಂತವಾಗಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ಅಂಗಿ ಮೇಲೆತ್ತಿ ಹೊಟ್ಟೆ ಮತ್ತು ಎದೆ ಕಾಣುವಂತೆ ಮಾಡಿ, ಬೆಳಕಿನಲ್ಲಿ ನೋಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ಅಥವಾ ಮೊಬೈಲಿನ ಟೈಮರ್ ಇಟ್ಟುಕೊಂಡು ಪೂರಾ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು. ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. 2 ತಿಂಗಳೊಳಗಿನ ಶಿಶುವಿಗೆ 60ಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಿ.

ಎಣಿಸುತ್ತ ಕೂರದೆ ಹೊರಡಬೇಕಾದ ಲಕ್ಷಣಗಳು

ಕೆಳಗಿನ ಯಾವುದೊಂದು ಕಂಡರೂ ಆ್ಯಪ್ ತೆರೆಯಬೇಡಿ, ಯಾರ ಅಭಿಪ್ರಾಯಕ್ಕೂ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ.

- ಉಸಿರು ಒಳಗೆ ಎಳೆದಾಗಲೆಲ್ಲ ಎದೆಯ ಕೆಳಭಾಗ, ಪಕ್ಕೆಲುಬಿನ ಅಂಚು ಒಳಕ್ಕೆ ಹೋಗುವುದು
- ಎದೆಹಾಲು ಚೀಪಲು ಅಥವಾ ನೀರು ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು
- ತುಟಿ, ನಾಲಗೆ ನೀಲಿಯಾಗುವುದು ಅಥವಾ ಬೂದಿ ಬಣ್ಣಕ್ಕೆ ತಿರುಗುವುದು
- ಪ್ರತಿ ಉಸಿರಿಗೂ ನರಳುವ ಶಬ್ದ, ಮೂಗಿನ ಹೊಳ್ಳೆ ಅರಳುವುದು
- ಶಾಂತವಾಗಿದ್ದಾಗಲೂ ಉಸಿರು ಎಳೆಯುವಾಗ ಗಂಟಲಿನಿಂದ ಕರ್ಕಶ ಸದ್ದು
- ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್
- 2 ತಿಂಗಳೊಳಗಿನ ಶಿಶುವಿಗೆ ಜ್ವರ, ಅಥವಾ ಮೈ ತಣ್ಣಗಾಗುವುದು
- ಏನೋ ನುಂಗಿದ ಮೇಲೆ ಇದ್ದಕ್ಕಿದ್ದಂತೆ ಶುರುವಾದ ಕೆಮ್ಮು, ಉಸಿರುಗಟ್ಟುವಿಕೆ

ಎಐ ಇಲ್ಲಿ ಮಾಡುವ ಕೆಲಸ

1816ರಲ್ಲಿ ಪ್ಯಾರಿಸಿನ ವೈದ್ಯ ರೆನೆ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಅಂದಿನಿಂದ ಎದೆಯ ಸದ್ದನ್ನು ಅರ್ಥ ಮಾಡಿಕೊಳ್ಳಲು ಪಳಗಿದ ಕಿವಿ ಬೇಕಾಗಿತ್ತು. ಎಐ ಪ್ರಯತ್ನಿಸುತ್ತಿರುವುದು ಆ ಪಳಗಿದ ಕಿವಿ ಮತ್ತು ಕಣ್ಣಿನ ಕೆಲಸವನ್ನೇ. ಸಾವಿರಾರು ಮಕ್ಕಳ ಕೆಮ್ಮು, ಉಸಿರಿನ ಸದ್ದು ಅಥವಾ ಎಕ್ಸ್-ರೇಗಳನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಪ್ರತಿಯೊಂದರ ಜೊತೆ ವೈದ್ಯರು ಹೇಳಿದ ರೋಗದ ಹೆಸರೂ ಇರುತ್ತದೆ. ಯಂತ್ರ ಅವುಗಳಲ್ಲಿನ ಹೋಲಿಕೆ ಕಲಿತು, ಹೊಸ ಮಗುವಿನ ಸದ್ದು ಯಾವ ಗುಂಪಿಗೆ ಹತ್ತಿರ ಎಂದು ಹೇಳುತ್ತದೆ. ಈ ಸಾಧನಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಒಂದು, ಉಸಿರು ಎಣಿಸುವವು. ಯುನಿಸೆಫ್ ಬಹಳ ವರ್ಷ ಹಂಚಿದ ಟೈಮರ್ ಬರೀ ಸಮಯ ತೋರಿಸುತ್ತಿತ್ತು, ಎಣಿಕೆ ಕಾರ್ಯಕರ್ತೆಯೇ ಮಾಡಬೇಕಿತ್ತು. ಆಮೇಲೆ ಫಿಲಿಪ್ಸ್ ಕಂಪನಿ ಮಗುವಿನ ಹೊಟ್ಟೆಗೆ ಬೆಲ್ಟಿನಂತೆ ಕಟ್ಟುವ ಸಾಧನ ತಂದಿತು. ಅದು ಚಲನೆಯನ್ನು ಅಳೆದು ಎಣಿಸಿ, ವಯಸ್ಸಿನ ಮಿತಿ ದಾಟಿದೆಯೇ ಎಂದು ದೀಪದ ಬಣ್ಣದಲ್ಲಿ ತೋರಿಸುತ್ತದೆ. ಈಗ ಕ್ಯಾಮೆರಾದಲ್ಲಿ ಎದೆಯ ಏರಿಳಿತ ನೋಡಿ ಎಣಿಸುವ ತಂತ್ರಾಂಶಗಳ ಪ್ರಯೋಗ ನಡೆದಿದೆ.

ಎರಡು, ಕೆಮ್ಮು ಕೇಳುವವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ರೆಸ್‌ಆ್ಯಪ್ ಇದರಲ್ಲಿ ಹೆಸರುವಾಸಿ. 29 ದಿನದಿಂದ 12 ವರ್ಷದವರೆಗಿನ 585 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಉತ್ತರಗಳು ವೈದ್ಯರ ನಿರ್ಣಯಕ್ಕೆ ಚೆನ್ನಾಗಿ ಹೊಂದಿಕೆಯಾದವು. 2022ರಲ್ಲಿ ಫೈಜರ್ ಕಂಪನಿ ಇದನ್ನು ಕೊಂಡುಕೊಂಡಿತು.

ಮೂರು, ಎದೆಯ ಸದ್ದು ಕೇಳುವ ಡಿಜಿಟಲ್ ಸ್ಟೆತಾಸ್ಕೋಪ್. ಸಿಳ್ಳೆಯಂಥ ಸದ್ದು ಯಾವುದು, ಕೂದಲು ಉಜ್ಜಿದಂಥ ಚರಚರ ಸದ್ದು ಯಾವುದು ಎಂದು ಬೇರ್ಪಡಿಸುತ್ತದೆ. ಮೊದಲನೆಯದು ಹೆಚ್ಚಾಗಿ ಉಬ್ಬಸದಲ್ಲಿ, ಎರಡನೆಯದು ನ್ಯುಮೋನಿಯಾದಲ್ಲಿ ಕೇಳಿಬರುತ್ತದೆ.

ನಾಲ್ಕು, ಎಕ್ಸ್-ರೇ ಓದುವವು. ಚೀನಾದ ಗುವಾಂಗ್‌ಜೌ ನಗರದ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಒಂದರಿಂದ ಐದು ವರ್ಷದ ಮಕ್ಕಳಿಂದ ತೆಗೆದ 5,856 ಎಕ್ಸ್-ರೇಗಳ ಸಂಗ್ರಹ 2018ರಿಂದ ಎಲ್ಲರಿಗೂ ಮುಕ್ತವಾಗಿದೆ. ಮಕ್ಕಳ ನ್ಯುಮೋನಿಯಾ ಮತ್ತು ಎಐ ಕುರಿತ ಬಹಳಷ್ಟು ಪ್ರಯೋಗಗಳು ಈ ಒಂದೇ ಸಂಗ್ರಹದ ಮೇಲೆ ನಿಂತಿವೆ.

ನಮ್ಮ ಕಡೆ ಆಗಿರುವ ಕೆಲಸ

ಕೋವಿಡ್ ಸಮಯದಲ್ಲಿ, 2020ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 'ಕೋಸ್ವರ' ಎಂಬ ಯೋಜನೆ ಶುರುಮಾಡಿತು. ಜನ ತಮ್ಮ ಮೊಬೈಲಿನಲ್ಲೇ ಉಸಿರು, ಕೆಮ್ಮು, ಸ್ವರಗಳ ಉಚ್ಚಾರ, ಅಂಕಿ ಎಣಿಸುವ ದನಿಗಳನ್ನು ರೆಕಾರ್ಡ್ ಮಾಡಿ ಕಳಿಸಿದರು. ಹೀಗೆ ಸೇರಿದ 2,635 ಜನರ ದನಿಗಳ ಸಂಗ್ರಹ ಈಗ ಸಂಶೋಧಕರಿಗೆ ಮುಕ್ತವಾಗಿದೆ. ಅದೇ ಸಂಸ್ಥೆಯ ಆವರಣದ ಆರ್ಟ್‌ಪಾರ್ಕ್ ಮತ್ತು ಬೆಂಗಳೂರಿನ ನಿರಾಮಯಿ ಕಂಪನಿ ಸೇರಿ 2021ರಲ್ಲಿ 'ಎಕ್ಸ್‌ರೇಸೇತು' ತಂದವು. ಸಣ್ಣ ಊರಿನ ವೈದ್ಯರು ಎಕ್ಸ್-ರೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಯಂತ್ರದ ಓದು ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು.

ಹೈದರಾಬಾದಿನ ಸಾಲ್ಸಿಟ್ ಟೆಕ್ನಾಲಜೀಸ್ ಕಂಪನಿಯ 'ಶ್ವಾಸ' ಕೆಮ್ಮಿನ ಸದ್ದಿನಿಂದ ಶ್ವಾಸಕೋಶದ ಸ್ಥಿತಿ ಅಂದಾಜಿಸುವ ಆ್ಯಪ್. 2024ರಲ್ಲಿ ಗೂಗಲ್ ಪ್ರಕಟಿಸಿದ 'ಹಿಯರ್' ಎಂಬ ಎಐ ಮಾದರಿಯನ್ನು ಬಳಸಲು ಮುಂದಾದವರಲ್ಲಿ ಈ ಕಂಪನಿಯೂ ಒಂದು. ಆ ಮಾದರಿಯನ್ನು ಸುಮಾರು 30 ಕೋಟಿ ಧ್ವನಿ ತುಣುಕುಗಳಿಂದ ತರಬೇತು ಮಾಡಲಾಗಿದೆ. ಅದರಲ್ಲಿ ಸುಮಾರು 10 ಕೋಟಿ ಕೆಮ್ಮಿನ ಸದ್ದುಗಳಿವೆ. ಗೋವಾ ಸರ್ಕಾರವೂ ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಗುರುತಿಸಲು ಎದೆಯ ಎಕ್ಸ್-ರೇಗಳನ್ನು ಎಐಯಿಂದ ಓದಿಸುವ ಕಾರ್ಯಕ್ರಮ ಕೈಗೊಂಡಿದೆ.

ಒಂದು ಅಂಶ ಗಮನಿಸಿ. ಇಲ್ಲಿ ಹೇಳಿದ ಭಾರತದ ಉದಾಹರಣೆಗಳು ಮುಖ್ಯವಾಗಿ ದೊಡ್ಡವರಿಗಾಗಿ ರೂಪುಗೊಂಡವು. ಮಗುವಿನ ಎದೆ ದೊಡ್ಡವರ ಎದೆಯ ಸಣ್ಣ ಪ್ರತಿಯಲ್ಲ. ಶ್ವಾಸನಾಳ ಕಿರಿದು, ಪಕ್ಕೆಲುಬು ಮೆತ್ತಗೆ, ಉಸಿರು ವೇಗ, ಎಕ್ಸ್-ರೇ ತೆಗೆಯುವಾಗ ಅಲುಗಾಟ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕ್ಷಯ ಪತ್ತೆಗೆ ಎಕ್ಸ್-ರೇ ಓದುವ ತಂತ್ರಾಂಶಗಳನ್ನು ಒಪ್ಪಿದಾಗ 15 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂದು ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಅದಕ್ಕಿಂತ ಚಿಕ್ಕವರಲ್ಲಿ ಸಾಕಷ್ಟು ಪುರಾವೆ ಇರಲಿಲ್ಲ.

ಯಂತ್ರ ಎಡವುವ ಜಾಗಗಳು

ಮೊದಲನೆಯದು ಗದ್ದಲ. ಮೇಲೆ ಹೇಳಿದ ರೆಸ್‌ಆ್ಯಪ್ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಫಲ ಕೊಟ್ಟಿದ್ದರೂ, 2017ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷೆ ಮುಟ್ಟಲಿಲ್ಲ. ರೆಕಾರ್ಡಿಂಗಿನಲ್ಲಿ ಬೇರೆಯವರ ಮಾತು ಸೇರಿಕೊಂಡದ್ದು, ಹಲವು ಮಕ್ಕಳಿಗೆ ರೆಕಾರ್ಡಿಂಗಿಗೆ ಮೊದಲೇ ಔಷಧ ಕೊಟ್ಟಿದ್ದದ್ದು ಕಾರಣ ಎಂದು ಕಂಪನಿ ಹೇಳಿತು. ಆಸ್ಪತ್ರೆಯ ಕೋಣೆಯಲ್ಲೇ ಹೀಗಾದರೆ, ತಗಡಿನ ಮೇಲೆ ಮಳೆ ಹುಯ್ಯುವ ಸದ್ದು, ಟಿವಿ, ಅಣ್ಣತಮ್ಮಂದಿರ ಗಲಾಟೆ ಇರುವ ನಮ್ಮ ಮನೆಗಳಲ್ಲಿ ಏನಾದೀತು ಎಂದು ಊಹಿಸಬಹುದು.

ಎರಡನೆಯದು ಊರು ಬದಲಾದರೆ ಬುದ್ಧಿ ಬದಲಾಗುವುದು. 2018ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಒಂದು ಆಸ್ಪತ್ರೆಯ ಎಕ್ಸ್-ರೇಗಳಿಂದ ನ್ಯುಮೋನಿಯಾ ಗುರುತಿಸಲು ಕಲಿತ ಯಂತ್ರ ಬೇರೆ ಆಸ್ಪತ್ರೆಯ ಚಿತ್ರಗಳಲ್ಲಿ ಹಿಂದೆ ಬಿತ್ತು. ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಮಾತ್ರ ಯಂತ್ರ ಬಹುತೇಕ ತಪ್ಪಿಲ್ಲದೆ ಗುರುತಿಸುತ್ತಿತ್ತು. ರೋಗಿಗಳು ಹೆಚ್ಚಿರುವ ಆಸ್ಪತ್ರೆ ಯಾವುದೆಂದು ತಿಳಿದರೆ ಉತ್ತರ ಊಹಿಸುವುದು ಸುಲಭವಲ್ಲವೇ? ಪರೀಕ್ಷೆಯಲ್ಲಿ ಪಾಠ ಓದದೆ ಪ್ರಶ್ನೆಪತ್ರಿಕೆಯ ಬಣ್ಣ ನೋಡಿ ಉತ್ತರ ಬರೆದ ಹಾಗೆ. ಗುವಾಂಗ್‌ಜೌ ಮಕ್ಕಳಿಂದ ಕಲಿತದ್ದು ಗಣಿ ಲಾರಿಗಳ ಕೆಂಪು ಧೂಳು, ಸೌದೆ ಒಲೆಯ ಹೊಗೆ, ಅಪೌಷ್ಟಿಕತೆ ಇವುಗಳ ನಡುವೆ ಬೆಳೆದ ಮಗುವಿಗೂ ಹೊಂದುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು.

ಮೂರನೆಯದು ಚರ್ಮದ ಬಣ್ಣ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಎಐ ಅಲ್ಲ, ಆದರೆ ಎಷ್ಟೋ ಎಐ ಸಾಧನಗಳಿಗೆ ಮಾಹಿತಿ ಕೊಡುವುದು ಅದೇ. ಕಪ್ಪು ಚರ್ಮದ ರೋಗಿಗಳಲ್ಲಿ ಅದು ಆಮ್ಲಜನಕ ನಿಜಕ್ಕಿಂತ ಹೆಚ್ಚಿದೆ ಎಂದು ತೋರಿಸುವ ಸಂಭವ ಹೆಚ್ಚು ಎಂದು 2020ರ ಅಮೆರಿಕದ ಅಧ್ಯಯನ ತೋರಿಸಿದೆ. ದೊಡ್ಡವರ ಆಕ್ಸಿಮೀಟರನ್ನು ಕೂಸಿನ ಬೆರಳಿಗೆ ಹಾಕಿದರೂ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಬೇರೆಯದೇ ಕ್ಲಿಪ್ ಬೇಕು. ಸರಿಯಾದ ಸಾಧನದಲ್ಲಿ 94ಕ್ಕಿಂತ ಕಡಿಮೆ ಬಂದರೆ ತಡ ಮಾಡಬೇಡಿ. 90ಕ್ಕಿಂತ ಕಡಿಮೆ ಎಂದರೆ ತೀವ್ರ ಅಪಾಯ. ಅಂಕಿ ಚೆನ್ನಾಗಿದ್ದು ಮಗುವಿನ ಪಕ್ಕೆ ಸೆಳೆಯುತ್ತಿದ್ದರೆ ಮಗುವನ್ನು ನಂಬಿ. ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಆಮ್ಲಜನಕ ಹೇಳುತ್ತೇವೆ ಎನ್ನುವ ಉಚಿತ ಆ್ಯಪ್‌ಗಳನ್ನು ಬಳಸಲೇಬೇಡಿ.

ನಾಲ್ಕನೆಯದು ಚಾಟ್‌ಬಾಟ್. ನೀವು ಬರೆದ ಮಾತಿಗೆ ಅದು ಉತ್ತರ ಕೊಡುತ್ತದೆ. ಮಗುವಿನ ಪಕ್ಕೆ ಸೆಳೆಯುವುದನ್ನು ನೀವು ಗಮನಿಸಿ ಬರೆಯದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ವೈದ್ಯರು ಬರೆದ ಚೀಟಿಯ ಪದಗಳ ಅರ್ಥ ತಿಳಿಯಲು ಬಳಸಬಹುದು. ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂದು ಅದನ್ನು ಕೇಳಬಾರದು.

'ಶೇಕಡಾ 90 ಸರಿ' ಎಂಬ ಮಾತಿನ ಅರ್ಥ

ಜಾಹೀರಾತುಗಳಲ್ಲಿ ಹೀಗೆ ಬರೆದಿರುತ್ತಾರೆ. ತಿಳಿಯಲು ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗೆ ಮಾತ್ರ. ಕೆಮ್ಮು ಇರುವ 1,000 ಮಕ್ಕಳಿದ್ದಾರೆ, ಅವರಲ್ಲಿ 50 ಮಕ್ಕಳಿಗೆ ನಿಜವಾಗಿ ನ್ಯುಮೋನಿಯಾ ಇದೆ ಎಂದುಕೊಳ್ಳಿ. ಯಂತ್ರ ರೋಗ ಇದ್ದವರಲ್ಲಿ ಶೇಕಡಾ 90 ಮಂದಿಯನ್ನು, ರೋಗ ಇಲ್ಲದವರಲ್ಲಿ ಶೇಕಡಾ 80 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ. ಆಗ 50ರಲ್ಲಿ 45 ಮಕ್ಕಳು ಸಿಕ್ಕುತ್ತಾರೆ, 5 ಮಕ್ಕಳು ತಪ್ಪಿಹೋಗುತ್ತಾರೆ. ಉಳಿದ 950ರಲ್ಲಿ 190 ಮಕ್ಕಳಿಗೆ ರೋಗ ಇಲ್ಲದಿದ್ದರೂ ಇದೆ ಎನ್ನುತ್ತದೆ. ಒಟ್ಟು 235 ಮಕ್ಕಳಿಗೆ 'ಅಪಾಯ' ಎಂದು ಬಂದರೂ ನಿಜವಾಗಿ ರೋಗ ಇರುವುದು 45 ಮಕ್ಕಳಿಗೆ.

ಆರೋಗ್ಯ ಕೇಂದ್ರದಲ್ಲಿ ಇಂಥ ಸಾಧನ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆ 235 ಮಕ್ಕಳನ್ನು ನರ್ಸ್ ಮತ್ತು ವೈದ್ಯರು ಮತ್ತೆ ಪರೀಕ್ಷಿಸುತ್ತಾರೆ, ಉಳಿದವರನ್ನೂ ಕಣ್ಣಿಂದ ನೋಡಿರುತ್ತಾರೆ. ಮನೆಯಲ್ಲಿ ಹಾಗಲ್ಲ. 'ಏನೂ ಇಲ್ಲ' ಎಂದು ತೋರಿಸಿದ ಆ 5 ಮಕ್ಕಳ ತಾಯ್ತಂದೆಯರು ನೆಮ್ಮದಿಯಿಂದ ಮಲಗಿಬಿಡುತ್ತಾರೆ. ಆದ್ದರಿಂದ ನಿಯಮ ಹೀಗಿರಲಿ: ಯಂತ್ರ 'ಅಪಾಯ' ಎಂದರೆ ಹೊರಡಿ. ಯಂತ್ರ 'ಪರವಾಗಿಲ್ಲ' ಎಂದು, ನಿಮ್ಮ ಎಣಿಕೆ ಅಥವಾ ಮಗುವಿನ ಲಕ್ಷಣ 'ಅಪಾಯ' ಎಂದರೂ ಹೊರಡಿ.

ಬಳಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಿಂದ ರೋಗ ಪತ್ತೆಗೆ ಬಳಸುವ ತಂತ್ರಾಂಶವೂ ವೈದ್ಯಕೀಯ ಸಾಧನ ಎಂದೇ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಎಐಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ತಾಯ್ತಂದೆಯರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಕೆಮ್ಮು, ದನಿ, ಎದೆಯ ವಿಡಿಯೊ ಎಲ್ಲವೂ ಆ ಮಗುವಿನ ಮಾಹಿತಿಯೇ. ಯಾರಾದರೂ ಆ್ಯಪ್ ತೋರಿಸಿದರೆ, ಶಿಬಿರದಲ್ಲಿ ಮಗುವಿನ ಕೆಮ್ಮು ರೆಕಾರ್ಡ್ ಮಾಡುತ್ತೇವೆ ಎಂದರೆ ಸಂಕೋಚವಿಲ್ಲದೆ ಕೇಳಿ:

- ಇದಕ್ಕೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಇದೆಯೇ?
- ಯಾವ ವಯಸ್ಸಿನ ಮಕ್ಕಳಿಗೆ ಒಪ್ಪಿಗೆ? ಭಾರತದ ಮಕ್ಕಳ ಮೇಲೆ ಪರೀಕ್ಷೆ ಆಗಿದೆಯೇ?
- ರೆಕಾರ್ಡಿಂಗ್ ಎಲ್ಲಿ ಉಳಿಯುತ್ತದೆ, ಅಳಿಸಬಹುದೇ?
- ಫಲಿತಾಂಶವನ್ನು ಯಾವ ವೈದ್ಯರು ನೋಡುತ್ತಾರೆ?

ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಸಹಿ ಹಾಕಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಸಾಂಗೆಯಲ್ಲಿರುವವರು ತಿಳಿದಿರಬೇಕಾದದ್ದು

ಊರಿನ ಕಡೆ ಆಶಾ ಅಕ್ಕ ಮನೆಗೇ ಬಂದು ಮಗುವನ್ನು ನೋಡುತ್ತಾರೆ. ಆಶಾ ವ್ಯವಸ್ಥೆ ಇಲ್ಲದ ರಾಜ್ಯ ಗೋವಾ. ಇಲ್ಲಿ ಉಪಕೇಂದ್ರದ ಎಎನ್‌ಎಂ ಸಿಸ್ಟರ್ ಮತ್ತು ಅಂಗನವಾಡಿ ಕಾರ್ಯಕರ್ತೆಯರೇ ಆ ಕೆಲಸ ಮಾಡುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಹೊಸದಾಗಿ ಬಂದ ಕುಟುಂಬಗಳು ಆಶಾ ಬರುತ್ತಾರೆಂದು ಕಾಯದೆ, ತಾವೇ ಅಂಗನವಾಡಿಗೆ ಹೋಗಿ ಮಗುವಿನ ಹೆಸರು ಬರೆಸಬೇಕು. ಮೊದಲು ತೋರಿಸಲು ಸಾಂಗೆಯ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಹತ್ತಿರದಲ್ಲಿ ಕುಡ್ಚಡೆಯ ಸಮುದಾಯ ಆರೋಗ್ಯ ಕೇಂದ್ರವಿದೆ. ತೀವ್ರವಾದರೆ ಮಡಗಾಂವದ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಮುಂದೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. ನೇತ್ರಾವಳಿ ಕಡೆಯ ಕಾಡಂಚಿನ ವಾಡೆಗಳಲ್ಲಿ ಇರುವವರು, ತೋಟದಲ್ಲಿ, ಕಟ್ಟಡ ಕೆಲಸದ ಶೆಡ್ಡಿನಲ್ಲಿ ಇರುವವರು ರಾತ್ರಿ ಹೊತ್ತು ವಾಹನ ಯಾರ ಬಳಿ ಸಿಗುತ್ತದೆ ಎಂದು ಮೊದಲೇ ಮಾತಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಭಾಷೆಯ ತೊಡಕೂ ಉಂಟು. 'ಗೂರಲು', 'ಪಕ್ಕೆ ಸೆಳೀತದ', 'ಎದಿ ಗೊರಗೊರ ಅಂತದ' ಎಂದರೆ ಕೊಂಕಣಿ ಮಾತಾಡುವ ಸಿಸ್ಟರಿಗೆ ತಿಳಿಯದೆ ಹೋಗಬಹುದು. 'ಭುರ್ಗ್ಯಾಕ್ ಸ್ವಾಸ್ ಘೆವ್‌ಪಾಕ್ ತ್ರಾಸ್ ಜಾತಾ' ಎಂದರೆ ಮಗುವಿಗೆ ಉಸಿರಾಡಲು ಕಷ್ಟವಾಗುತ್ತಿದೆ ಎಂದು. ಈ ಒಂದು ವಾಕ್ಯ ಬಾಯಿಪಾಠ ಇರಲಿ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಕೈಯಲ್ಲೇ ಇದೆ. ಮಗು ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಬೆಳಕಿನಲ್ಲಿ, ಮೊಬೈಲನ್ನು ಅಲುಗಾಡಿಸದೆ ಎದೆ ಮತ್ತು ಹೊಟ್ಟೆಯ ಒಂದು ನಿಮಿಷದ ವಿಡಿಯೊ ತೆಗೆಯಿರಿ. ಕೆಮ್ಮಿದಾಗ, ಸಿಳ್ಳೆಯಂಥ ಸದ್ದು ಬಂದಾಗ ಅದನ್ನೂ ತೆಗೆಯಿರಿ. ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ಅಳುತ್ತಿರಬಹುದು, ರಾತ್ರಿ ಬಂದ ಉಬ್ಬಸ ಬೆಳಿಗ್ಗೆ ಇಳಿದಿರಬಹುದು. ವಿಡಿಯೊ ಇದ್ದರೆ ವೈದ್ಯರು ನೋಡಿ ಎಣಿಸಬಲ್ಲರು, ಯಾವ ಭಾಷೆಯೂ ಬೇಕಿಲ್ಲ. ಎಐ ಇಲ್ಲದ ಮೊಬೈಲಿನಿಂದಲೂ ಇಷ್ಟು ಕೆಲಸ ಆಗುತ್ತದೆ. ಆದರೆ ಅಪಾಯದ ಲಕ್ಷಣ ಇದ್ದಾಗ ವಿಡಿಯೊಗಾಗಿ ಒಂದು ನಿಮಿಷವನ್ನೂ ಕಳೆಯಬೇಡಿ.

ಬರದಂತೆ ತಡೆಯುವುದು

ಯಾವ ಯಂತ್ರಕ್ಕಿಂತಲೂ ಹೆಚ್ಚು ಮಕ್ಕಳನ್ನು ಉಳಿಸುವುದು ಲಸಿಕೆ. ನ್ಯುಮೋಕಾಕಸ್ ಲಸಿಕೆ 2017ರಿಂದ ಹಂತಹಂತವಾಗಿ ಬಂದು 2021ರಲ್ಲಿ ದೇಶವಿಡೀ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. 6 ವಾರ, 14 ವಾರ ಮತ್ತು 9 ತಿಂಗಳಿಗೆ ಕೊಡುತ್ತಾರೆ. 6, 10, 14 ವಾರಕ್ಕೆ ಪೆಂಟಾವೇಲೆಂಟ್, 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ. ಎಲ್ಲವೂ ಉಚಿತ. ಕರ್ನಾಟಕದಲ್ಲಿ ಶುರು ಮಾಡಿದ ಲಸಿಕೆಯನ್ನು ಗೋವಾದಲ್ಲಿ ಮುಂದುವರಿಸಬಹುದು. ಊರಿಂದ ಬರುವಾಗ ತಾಯಿ ಕಾರ್ಡ್ ತರುವುದನ್ನು ಮರೆಯಬೇಡಿ.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ. ಮಗು ಮಲಗುವ ಕೋಣೆಯಲ್ಲಿ ಸೌದೆ ಒಲೆ, ಬೀಡಿ, ಸೊಳ್ಳೆಬತ್ತಿಯ ಹೊಗೆ ಬೇಡ. ಗಣಿ ಲಾರಿ ಓಡಾಡುವ ರಸ್ತೆ ಬದಿ ಇರುವವರು ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಏಳುವುದಿಲ್ಲ. ಮಗುವಿನ ಮೂಗಿಗೆ ಎಣ್ಣೆ ಬಿಡುವುದು, ಹೊಟ್ಟೆಗೆ ಬರೆ ಹಾಕುವುದು ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಅಂಗಡಿಯಲ್ಲಿ ಕೇಳಿ ತಂದ ಔಷಧ ಹಾಕಬೇಡಿ.

ಮುಂದಿನ ದಿನಗಳಲ್ಲಿ ಮಕ್ಕಳಿಗೆಂದೇ ಮಾಡಿದ, ನಮ್ಮ ದೇಶದ ಮಕ್ಕಳ ಮೇಲೆ ಪರೀಕ್ಷಿಸಿದ ಎಐ ಸಾಧನಗಳು ಉಪಕೇಂದ್ರದ ಸಿಸ್ಟರ್ ಕೈಗೆ ಬಂದರೆ ಬಹಳ ಉಪಕಾರವಾದೀತು. ದಿನಕ್ಕೆ ಹತ್ತಾರು ಮಕ್ಕಳನ್ನು ನೋಡುವ ಒಬ್ಬರೇ ಸಿಸ್ಟರಿಗೆ ತಪ್ಪಿಲ್ಲದ ಎಣಿಕೆ ಸಿಗುವುದೇ ದೊಡ್ಡ ನೆರವು. ಅಲ್ಲಿಯವರೆಗೂ, ಆಮೇಲೂ, ಮಗುವಿನ ಹತ್ತಿರ ಮೊದಲು ಇರುವವರು ಮನೆಯವರೇ. ಮೇಲಿನ 60, 50, 40ರ ಲೆಕ್ಕ ಮತ್ತು ಅಪಾಯದ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದ ಅಕ್ಕಪಕ್ಕದವರಿಗೆ ಓದಿ ಹೇಳಿ, ಎಣಿಸುವುದನ್ನು ಒಮ್ಮೆ ಮಾಡಿ ತೋರಿಸಿ.

ಸೂಚನೆ: ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ತುರ್ತು ಆಂಬುಲೆನ್ಸ್ ಸಂಖ್ಯೆ: 108.